ಹವಳಕ್ಕೆ ಎಷ್ಟು ಫೋರ್ಸು

ಚಿತ್ರದುರ್ಗದ ಹೊಸ ಬಡಾವಣೆಯೊಂದರಲ್ಲಿ ಇಬ್ಬರು ಅಣ್ಣತಮ್ಮಂದಿರು ಅಕ್ವೇರಿಯಂ ಅಂಗಡಿ ತೆರೆದಿದ್ದಾರೆ. ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಮೀನಿನ ತೊಟ್ಟಿಯ ವಿಚಾರವೆಲ್ಲ ಅವರಿಗೆ ಗೊತ್ತು. ಗೊತ್ತಿಲ್ಲದ್ದು ಹವಳ. ದೊಡ್ಡವನು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳಿದ: “ಅಣ್ಣ, ಹವಳಕ್ಕೆ ಫೋರ್ಸು ಎಷ್ಟಿಡ್ಬೇಕು, ಒಂದ್ ಮಾತ್ನಾಗೆ ಹೇಳ್ಬಿಡ್ರಿ.” ಒಂದು ಮಾತಿನಲ್ಲಿ ಹೇಳುವಂತಿದ್ದರೆ ನಾನು ಅಷ್ಟೊಂದು ಹವಳಗಳನ್ನು ಕಸದ ಬುಟ್ಟಿಗೆ ಹಾಕುತ್ತಿರಲಿಲ್ಲ ಎಂದೆ. ಅವರು ತಮಾಷೆ ಅಂದುಕೊಂಡು ನಕ್ಕರು. ಆ ದಿನ ಅವರಿಗೆ ಹೇಳಲಾಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಸಂತೋಷದ ಸುದ್ದಿ ಕಡಿಮೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಊರುಗಳಲ್ಲಿ ನಾನು ಕೂರಿಸಿದ ಹವಳದ ತೊಟ್ಟಿಗಳ ಪೈಕಿ, ನಾನು ಕೆಲಸ ಬಿಡುವ ಹೊತ್ತಿಗೆ ಒಂದೇ ಒಂದು ಉಳಿದಿತ್ತು. ಹೊಸದುರ್ಗದ ಗಿರಣಿ ಓಂಕಾರಪ್ಪನವರ ಮನೆಯದು. ಅದೊಂದು ಬದುಕಲಿ, ನಾನು ಹೋದ ಮೇಲೂ ಬದುಕಲಿ ಎಂದು ನನಗೆ ಬಹಳ ಆಸೆಯಿತ್ತು. ಸರಿಯಾಗಿ ನೋಡಿಕೊಂಡರೆ ಹವಳ ಮನುಷ್ಯನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಗಾರೆ ಕೆಲಸದವನು ತಾನು ಕಟ್ಟಿದ ಮನೆ ತೋರಿಸುತ್ತಾನೆ, ಮೇಷ್ಟ್ರು ತಮ್ಮ ಶಿಷ್ಯರನ್ನು ತೋರಿಸುತ್ತಾರೆ. ನನಗೆ ತೋರಿಸಲು ಅದೊಂದೇ ಇತ್ತು.

ನಾನು ತುರುವನೂರಿನವನು. ಹತ್ತನೇ ಕ್ಲಾಸಿಗೆ ಓದು ನಿಂತ ಮೇಲೆ ದುರ್ಗಕ್ಕೆ ಬಂದು ಬಾಷಾ ಭಾಯ್ ಅವರ ಮೀನಿನ ಅಂಗಡಿ ಸೇರಿದೆ. ಮೀನಿನ ಅಂಗಡಿ ಎಂದರೆ ಸಾರಿಗೆ ಹಾಕುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿ ಬಿಟ್ಟು ನೋಡುವ ಮೀನು. ನಮ್ಮವ್ವ ಇದನ್ನು ಊರಿನಲ್ಲಿ ಬಹಳ ದಿನ ಯಾರಿಗೂ ಹೇಳಿಕೊಳ್ಳಲಿಲ್ಲ. ಮಗ ದುರ್ಗದಲ್ಲಿ ಏನು ಮಾಡುತ್ತಾನೆ ಎಂದು ಕೇಳಿದವರಿಗೆಲ್ಲ “ಅದೆಂಥದೋ ನೀರಿನ ಆಫೀಸಂತೆ” ಎನ್ನುತ್ತಿದ್ದಳು.

ಮೊದಮೊದಲು ಬರೀ ಗೋಲ್ಡ್ ಫಿಶ್, ಸಿಹಿನೀರು, ಬಣ್ಣದ ಕಲ್ಲು, ಗುಳುಗುಳು ಗಾಳಿ ಬಿಡುವ ಪ್ಲಾಸ್ಟಿಕ್ ಮೊಸಳೆ. ಉಪ್ಪುನೀರಿನ ತೊಟ್ಟಿ, ಹವಳ, ಇವೆಲ್ಲ ನಮ್ಮ ಕಡೆ ಬಂದದ್ದು ಈಚೆಗೆ, ಎಲ್ಲರ ಕೈಗೂ ಫೋನು ಬಂದು ಅದರಲ್ಲಿ ಹವಳದ ವಿಡಿಯೋ ನೋಡತೊಡಗಿದ ಮೇಲೆ. ಸಮುದ್ರದಿಂದ ಕಿತ್ತು ತಂದ ಹವಳ ಮಾರುವುದು ಅಪರಾಧ. ಬೆಂಗಳೂರಿನ ವ್ಯಾಪಾರಿಯೊಬ್ಬರು ತೊಟ್ಟಿಯಲ್ಲೇ ಬೆಳೆಸಿದ ತುಂಡುಗಳನ್ನು ಕಳಿಸುತ್ತಿದ್ದರು. ಮೊದಲ ಪೆಟ್ಟಿಗೆ ಬಿಚ್ಚಿದ ದಿನ ಭಾಯ್ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದ್ದರು: “ತಿಪ್ಪಣ್ಣ, ಸಿಹಿನೀರು ಅಂದ್ರೆ ಸಂಸಾರ. ಉಪ್ಪುನೀರು ಅಂದ್ರೆ ಇಷ್ಕ್. ಬರ್ಬಾದ್ ಆಗಾಕೆ ತಯಾರಿದ್ರೆ ಕೈ ಹಾಕಪ್ಪ.” ಒಳ್ಳೆಯ ಯಜಮಾನರು ಅವರು. ಕಲಿಸುವುದು ಮಾತ್ರ ಅವರಿಗೆ ಬರುತ್ತಿರಲಿಲ್ಲ, ಏಕೆಂದರೆ ಹವಳದ ವಿಷಯ ಅವರಿಗೂ ಗೊತ್ತಿರಲಿಲ್ಲ.

ಹವಳ ಎಂದರೆ ಉಂಗುರಕ್ಕೆ ಕೂರಿಸುವ ಕೆಂಪು ಹರಳು ಎಂದುಕೊಂಡವರೇ ಹೆಚ್ಚು. ಅದೊಂದು ಪ್ರಾಣಿ. ಕೆಳಗೆ ಕಲ್ಲಿನಂಥ ಎಲುಬು, ಅದರ ಮೇಲೆ ಮೆತ್ತನೆಯ ಮಾಂಸ, ಮಾಂಸದ ತುದಿಯಲ್ಲಿ ಬೆರಳುಗಳು. ನಡೆಯಲು ಬಾರದು. ಊಟವನ್ನು ನೀರೇ ಹತ್ತಿರ ತರಬೇಕು, ಹೊಲಸನ್ನು ನೀರೇ ಒಯ್ಯಬೇಕು, ಉಸಿರಾಡುವುದಕ್ಕೂ ಮೈಮೇಲೆ ನೀರು ಹರಿಯುತ್ತಿರಬೇಕು. ಸಮುದ್ರದಲ್ಲಿ ಈ ಕೆಲಸ ಅಲೆಗಳದ್ದು. ಬಂಡೆ, ಬಿಸಿಲು, ಗಡಸು ಬೋರ್‌ವೆಲ್ ನೀರಿನ ನಮ್ಮೂರಿನಲ್ಲಿ, ಹಾಲ್‌ನ ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ, ಸಮುದ್ರದ ಕೆಲಸವನ್ನು ಮುಷ್ಟಿಗಾತ್ರದ ಪಂಪೊಂದು ಮಾಡಬೇಕು. ಈ ಪಂಪಿನ ನೂಕಾಟಕ್ಕೆ ನಾವು ಕೆಲಸದವರು ಫೋರ್ಸು ಎನ್ನುತ್ತಿದ್ದೆವು.

ಮೊದಲ ತೊಟ್ಟಿ ದುರ್ಗದ ಒಬ್ಬ ಬಟ್ಟೆ ವ್ಯಾಪಾರಿಯ ಮನೆಗೆ ಹೋಯಿತು. ಸಿಹಿನೀರಿನ ಅಭ್ಯಾಸದಂತೆ ನೀರು ತಿಳಿಯಾಗಿದ್ದರೆ ಎಲ್ಲ ಸರಿ ಎಂದುಕೊಂಡೆವು. ಪಂಪನ್ನು ಮೆಲ್ಲಗೆ ಇಟ್ಟೆವು. ಹವಳ ಒಂದು ವಾರ ಅರಳಿತು, ಆಮೇಲೆ ಬೆರಳು ಒಳಗೆಳೆದುಕೊಂಡಿತು, ಆಮೇಲೆ ಅದರ ಮೈಮೇಲೆ ಲೋಳೆ ಕೂತಿತು. ಆ ಲೋಳೆಯನ್ನು ಒಯ್ಯುವ ಬಲ ನೀರಿಗಿರಲಿಲ್ಲ. ಹೋಯಿತು. ಎರಡನೆಯದನ್ನು ತಂದಾಗ ಭಾಯ್ “ಜಾಸ್ತಿ ಮಾಡು, ಗಾಳಿ ಬೀಸ್ದಂಗೆ ಬೀಸ್ಲಿ” ಎಂದರು. ಪಂಪನ್ನು ಅದರ ಮುಖಕ್ಕೇ ತಿರುಗಿಸಿ ಇಟ್ಟೆವು. ಬೆರಳುಗಳು ಸೊಗಸಾಗಿ ಪಟಪಟ ಹಾರಾಡಿದವು, ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಕೆಲವೇ ದಿನಗಳಲ್ಲಿ ಎಲುಬಿನ ಅಂಚಿಗೆ ಉಜ್ಜಿ ಉಜ್ಜಿ ಮಾಂಸ ಹರಿದುಹೋಗಿ ಬೆಳ್ಳಗೆ ಎಲುಬು ಕಂಡಿತು. ಭಾಯ್ ತೊಟ್ಟಿಯ ಮುಂದೆ ನಿಂತು ತಲೆ ಕೆರೆದುಕೊಂಡರು. “ಏನಪ್ಪ ಇದು, ಕಮ್ಮಿ ಮಾಡಿದ್ರೂ ಸಾಯ್ತೈತೆ, ಜಾಸ್ತಿ ಮಾಡಿದ್ರೂ ಸಾಯ್ತೈತೆ. ಇದ್ಕೆ ಸಾಯೋದೇ ಇಷ್ಟ ಇದ್ದಂಗೈತೆ.”

ಇಷ್ಟಾದ ಮೇಲೂ ನಾನು ಕಲಿತದ್ದು ನಿಧಾನ. ಒಂದು ಸಲ ಪಂಪಿನ ಬಾಯಿ ಸ್ವಲ್ಪ ಕೆಳಗಾಗಿ ತೊಟ್ಟಿಯೊಳಗಿನ ಮರಳೆಲ್ಲ ಎದ್ದು, ಮರುದಿನ ಹೋಗಿ ನೋಡಿದರೆ ಒಂದು ಕಡೆ ಗಾಜಿನ ತಳ ಕಾಣುತ್ತಿದೆ, ಇನ್ನೊಂದು ಕಡೆ ಮರಳಿನ ಗುಡ್ಡೆಯೊಳಗೆ ಹವಳ ಹೂತುಹೋಗಿದೆ. ಆ ಮನೆಯ ಅಜ್ಜಿ ನನ್ನನ್ನು ನೋಡಿ “ಮಣ್ಣು ಮಾಡಾಕೆ ಬಂದಿದ್ದೇನಪ್ಪ ನೀನು?” ಎಂದು ಕೇಳಿದಳು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬೆವರು ಕಿತ್ತುಕೊಂಡು ಬಂದಿತ್ತು.

ಕಡೆಗೆ ನನಗೆ ದಾರಿ ತೋರಿದ್ದು ನಮ್ಮವ್ವ ಕಣದಲ್ಲಿ ರಾಶಿ ತೂರುತ್ತಿದ್ದ ನೆನಪು. ಗಾಳಿ ಹೆಚ್ಚಾದರೆ ಕಾಳೂ ಹಾರಿಹೋಗುತ್ತದೆ, ಕಡಿಮೆಯಾದರೆ ಹೊಟ್ಟು ಕಾಳಿನ ಮೇಲೇ ಬೀಳುತ್ತದೆ. ಅವ್ವ ಮೊರ ಎತ್ತುವ ಮೊದಲು ಒಂದು ಹಿಡಿ ಹೊಟ್ಟನ್ನು ಬಿಟ್ಟು ಅದು ಎಲ್ಲಿ ಹೋಗಿ ಬೀಳುತ್ತದೆ ಎಂದು ನೋಡುತ್ತಿದ್ದಳು. ನಾನೂ ಹಾಗೇ ಚಿಟಿಕೆ ಮೀನಿನ ಊಟವನ್ನು ನೆನೆಸಿ ತೊಟ್ಟಿಗೆ ಬಿಟ್ಟು ಅದರ ಹಿಂದೆ ಕಣ್ಣು ಕಳಿಸಲು ಶುರು ಮಾಡಿದೆ. ಹವಳದ ಹತ್ತಿರ ಬಂದ ಪುಡಿ ನೆಟ್ಟಗೆ ಹಾದುಹೋದರೆ ಜಾಸ್ತಿ. ಅಲ್ಲೇ ಬಿದ್ದು ಕೂತರೆ ಕಮ್ಮಿ. ಒಮ್ಮೆ ಸುತ್ತಿ, ಒಮ್ಮೆ ತಡವರಿಸಿ, ಆಮೇಲೆ ಮೇಲೆದ್ದು ಹೋದರೆ ಸರಿ. ಒಂದೇ ಕಡೆಯಿಂದ ಬೀಸಬಾರದು, ಸಮುದ್ರ ಒಂದೇ ಕಡೆಯಿಂದ ಬರುವುದಿಲ್ಲ. ಬೆರಳುಗಳು ಒಂದು ಗಳಿಗೆ ಬಾಗಿ, ಒಂದು ಗಳಿಗೆ ಎದ್ದು, ಉಸಿರು ಬಿಟ್ಟ ಹಾಗೆ ಆಡುತ್ತಿರಬೇಕು. ಕೈಯದ್ದಿ ನೋಡಿದರೆ ತಿಳಿಯುವುದಿಲ್ಲ, ಹವಳಕ್ಕೆ ಏನು ತಾಗುತ್ತಿದೆ ಎನ್ನುವುದು ನಮ್ಮ ದಪ್ಪ ಚರ್ಮಕ್ಕೆ ಗೊತ್ತಾಗದು. ಹತ್ತಿರ ಕುಳಿತು ನೋಡಬೇಕು, ಅವತ್ತು ನೋಡಿ ಮರುವಾರ ಮತ್ತೆ ನೋಡಬೇಕು. ಹವಳ ಬೆಳೆದ ಹಾಗೆ ಅದೇ ನೀರಿಗೆ ಅಡ್ಡವಾಗುತ್ತದೆ, ಲೆಕ್ಕ ಮತ್ತೆ ಮೊದಲಿಂದ.

ಇಷ್ಟು ತಿಳಿದ ಮೇಲಾದರೂ ಹವಳಗಳು ಉಳಿಯಬೇಕಿತ್ತಲ್ಲ. ಉಳಿಯಲಿಲ್ಲ. ಫೋರ್ಸು ಸರಿಮಾಡುವುದು ನನ್ನ ಕೈಯಲ್ಲಿತ್ತು, ಮನೆಗಳು ನನ್ನ ಕೈಯಲ್ಲಿರಲಿಲ್ಲ.

ಹೊಳಲ್ಕೆರೆಯಲ್ಲಿ ಒಬ್ಬ ರಸ್ತೆ ಕಂಟ್ರಾಕ್ಟರ್ ಹೊಸ ಮನೆ ಕಟ್ಟಿಸಿದ್ದರು. ತೊಟ್ಟಿ ಕೂರಿಸಿ, ಎರಡು ಪಂಪನ್ನು ಎದುರುಬದುರು ಇಟ್ಟು, ಹವಳ ಚೆನ್ನಾಗಿ ಅರಳಿ ಮೂರ್ನಾಲ್ಕು ತಿಂಗಳಾಗಿತ್ತು. ಒಂದು ದಿನ ವಾಸ್ತು ನೋಡುವವರೊಬ್ಬರು ಬಂದು ಸೋಫಾದಲ್ಲಿ ಕೂತಿದ್ದರು. ನನ್ನನ್ನು ಕರೆಸಿ ಕೇಳಿದರು.

“ನೀರು ಹೆಂಗ್ ತಿರುಗ್ತೈತ್ರಿ ಇದ್ರಾಗೆ?”

“ಹಂಗೂ ತಿರುಗ್ತೈತೆ, ಹಿಂಗೂ ತಿರುಗ್ತೈತೆ ಸ್ವಾಮಿ. ಎರಡು ಕಡಿಯಿಂದ ಬಂದು ನಡೂಮಧ್ಯ ಡಿಕ್ಕಿ ಹೊಡಿತೈತೆ.”

“ಅದ್ಕೇ ಮನೆಯಾಗೆ ದಿನಾ ಜಗಳ. ನೀರು ಡಿಕ್ಕಿ ಹೊಡಿಬಾರ್ದು. ಈಶಾನ್ಯದಾಗೆ ಎದ್ದು ಪ್ರದಕ್ಷಿಣೆ ಹಾಕ್ಬೇಕು, ಒಂದೇ ದಿಕ್ಕಿಗೆ.”

“ಒಂದೇ ದಿಕ್ಕಿಗೆ ಆದ್ರೆ ಹವಳ ಉಳಿಯಲ್ಲ ಸ್ವಾಮಿ.”

ಕಂಟ್ರಾಕ್ಟರ್ ಹೆಂಡತಿ ನಡುವೆ ಬಾಯಿ ಹಾಕಿದರು. “ಹವಳ ಉಳಿಯೋದು ಮುಖ್ಯನೋ, ಮನೆ ಉಳಿಯೋದು ಮುಖ್ಯನೋ, ನೀವೇ ಹೇಳ್ರಿ.” ಆಕೆಯ ಕಣ್ಣು ಕೆಂಪಗಿತ್ತು, ಆ ಮನೆಯಲ್ಲಿ ಜಗಳ ಇದ್ದದ್ದು ನಿಜ. ಪಂಪುಗಳನ್ನು ತಿರುಗಿಸಿ ಇಟ್ಟುಬಂದೆ. ಹವಳ ಒಂದೇ ಕಡೆಗೆ ವಾಲಿತು. ನೀರಿಗೆ ಬೆನ್ನಾದ ಕಡೆಯಲ್ಲಿ ಹೊಲಸು ಸೇರಿ ಆ ಅರ್ಧ ಕೊಳೆಯಿತು, ಉಳಿದರ್ಧ ಆಮೇಲೆ ಕೊಳೆಯಿತು. ಜಗಳ ನಿಂತಿತೋ ಇಲ್ಲವೋ ಕೇಳಲು ಹೋಗಲಿಲ್ಲ. ಮುಂದಿನ ಸಲ ಅವರು ಪ್ಲಾಸ್ಟಿಕ್ ಹವಳ ತರಿಸಿಕೊಂಡರು, ಅದಕ್ಕೆ ನೀರು ಯಾವ ದಿಕ್ಕಿಗೆ ತಿರುಗಿದರೂ ಸೈ.

ಹಿರಿಯೂರಿನ ಹಲ್ಲಿನ ಡಾಕ್ಟರು ಇದಕ್ಕೆ ತದ್ವಿರುದ್ಧ. ಅವರು ಫೋನಿನಿಂದಲೇ ನಡೆಸುವ ಪಂಪು ತರಿಸಿದ್ದರು. ನೀರು ತಾನಾಗಿ ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ, ಮತ್ತೆ ನುಗ್ಗುತ್ತದೆ. ನನಗೆ ಸಿಟ್ಟು ಬಂದಿತ್ತು. ವರ್ಷಾನುಗಟ್ಟಲೆ ಮಂಡಿಯೂರಿ ಕೂತು ಕಲಿತದ್ದನ್ನು ಇವರು ಹೆಬ್ಬೆರಳಲ್ಲಿ ಒತ್ತುತ್ತಾರಲ್ಲ ಎಂದು. “ಇದೆಲ್ಲಾ ಆಟದ ಸಾಮಾನು ಡಾಕ್ಟ್ರೇ” ಎಂದೂ ಹೇಳಿದೆ. ನಾನು ಹೇಳಿದ್ದು ತಪ್ಪಾಗಿತ್ತು. ಆ ಪಂಪು ಮಾಡಿದ ಅಲೆ ನಾನು ಇಡುತ್ತಿದ್ದ ಯಾವ ಫೋರ್ಸಿಗಿಂತಲೂ ಚೆನ್ನಾಗಿತ್ತು. ಅವರ ಹವಳ ಬೆಳೆದ ಹಾಗೆ ನನ್ನ ಕೈಯಲ್ಲಿ ಯಾವುದೂ ಅಷ್ಟು ಬೇಗ ಬೆಳೆದಿರಲಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನು ನೆನಪಿಡಬೇಕು, ಹೊಸ ಸಾಮಾನಿನ ಮೇಲೆ ಸುಮ್ಮನೆ ಮುನಿಸಿಕೊಳ್ಳಬಾರದು.

ಆದರೆ ಡಾಕ್ಟರಿಗೆ ಬೇಸರ ಬಂತು. ಮೊದಲು ನೆಂಟರು ಬಂದಾಗಲೆಲ್ಲ ಫೋನಿನಲ್ಲಿ ಬಿರುಗಾಳಿ ಒತ್ತಿ ತೋರಿಸುತ್ತಿದ್ದರು. ನೆಂಟರಿಗೂ ಸಾಕಾಯಿತು. ಆಮೇಲೆ ಸೈಕಲ್ ಹುಚ್ಚು ಹಿಡಿಯಿತು, ಬೆಳಿಗ್ಗೆ ಎದ್ದು ವಾಣಿವಿಲಾಸ ಸಾಗರದ ಕಡೆ ಹೊರಟುಬಿಡುತ್ತಿದ್ದರು. ಪಂಪಿನ ರೆಕ್ಕೆಗೆ ಸುಣ್ಣ ಕಟ್ಟಿ ಅದು ಅರ್ಧಕ್ಕರ್ಧ ನೀರು ನೂಕುತ್ತಿತ್ತು. ಫೋನಿನಲ್ಲಿ ಮಾತ್ರ ಎಲ್ಲ ಸರಿಯಾಗಿದೆ ಎಂದೇ ತೋರಿಸುತ್ತಿತ್ತು. ನನ್ನನ್ನು ಕರೆಯಲಿಲ್ಲ. ಮುಂದೊಂದು ದಿನ ನನ್ನ ಹಲ್ಲು ಕೀಳಿಸಲು ಅವರ ಕ್ಲಿನಿಕ್ಕಿಗೆ ಹೋದಾಗ ಆ ಹವಳದ ಬಿಳಿ ಎಲುಬು ಮೇಜಿನ ಮೇಲೆ ಕಾಗದಗಳಿಗೆ ಭಾರವಾಗಿ ಕೂತಿತ್ತು. “ಚೆನಾಗೈತಲ್ವಾ ತಿಪ್ಪಣ್ಣ?” ಎಂದರು. ಬಾಯಿಯೊಳಗೆ ಹತ್ತಿ ತುರುಕಿದ್ದರು. ತಲೆಯಾಡಿಸಿದೆ.

ಹೀಗೆ ಒಂದೊಂದೇ ಹೋದವು. ಬಾಷಾ ಭಾಯ್ ತೀರಿಕೊಂಡರು, ಅವರ ಅಳಿಯ ಅಂಗಡಿಯನ್ನು ನಾಯಿ ಊಟ, ಹಕ್ಕಿ ಪಂಜರದ ಅಂಗಡಿ ಮಾಡಿದ. ನಾನು ಟೂಲ್ ಬ್ಯಾಗು ನೇತುಹಾಕಿಕೊಂಡು ಬಸ್ಸಿನಲ್ಲಿ ಊರೂರು ತಿರುಗುವುದು ನಡೆದೇ ಇತ್ತು. ಹೋದ ಕಡೆಯಲ್ಲೆಲ್ಲ ಸಾವೇ. ಬಸ್ಸಿನಲ್ಲಿ ಕೂತು, ಸಮುದ್ರವನ್ನೇ ನೋಡದ ಊರಿಗೆ ಸಮುದ್ರದ ಜೀವವನ್ನು ತಂದು ಕೊಲ್ಲುವುದಕ್ಕೆ ನನ್ನ ಆಯುಷ್ಯ ಕಳೆಯಿತಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ಓಂಕಾರಪ್ಪನವರ ಮನೆಯೊಂದು ಇಲ್ಲದಿದ್ದರೆ ನಾನು ಇನ್ನೂ ಮುಂಚೆಯೇ ಕೆಲಸ ಬಿಡುತ್ತಿದ್ದೆ.

ಓಂಕಾರಪ್ಪನವರದು ಹೊಸದುರ್ಗದಲ್ಲಿ ಹಿಟ್ಟಿನ ಗಿರಣಿ. ರಾಗಿ, ಜೋಳ, ಖಾರದಪುಡಿ, ಎಲ್ಲ ಬೀಸಿಕೊಡುತ್ತಾರೆ. ಮುಂದೆ ಗಿರಣಿ, ಹಿಂದೆ ಮನೆ, ಮನೆ ತುಂಬ ಜನ: ಅವರು, ಅವರ ಹೆಂಡತಿ ಗೌರಮ್ಮ, ತಮ್ಮನ ಸಂಸಾರ. ಹುಡುಗನಾಗಿದ್ದಾಗಿನಿಂದ ಮಿಷನ್ನಿನ ಪಕ್ಕ ನಿಂತು ನಿಂತು ಅವರಿಗೆ ಕಿವಿ ಹೋಗಿತ್ತು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು. ಹೀಗಾಗಿ ಮನೆಯಲ್ಲಿ ಅವರ ಜೊತೆ ಮಾತು ಕಡಿಮೆಯಾಗುತ್ತಾ ಹೋಗಿತ್ತು. ಯಾರೂ ಕೆಟ್ಟವರಲ್ಲ, ಕೂಗಿ ಕೂಗಿ ಸುಸ್ತಾಗಿದ್ದರು ಅಷ್ಟೇ. ಮಂಗಳೂರಿನಲ್ಲಿ ಮದುವೆಗೆ ಹೋದಾಗ ಹೋಟೆಲ್ಲಿನ ತೊಟ್ಟಿಯಲ್ಲಿ ಹವಳ ತೂಗಾಡುವುದನ್ನು ನೋಡಿ, ಊಟ ಬಿಟ್ಟು ಅದರ ಮುಂದೆಯೇ ನಿಂತಿದ್ದರಂತೆ. ಆಗಿನ್ನೂ ಭಾಯ್ ಇದ್ದರು; ಊರಿಗೆ ಬಂದವರೇ ಅಂಗಡಿಗೆ ಬಂದು ನನ್ನನ್ನು ಕರೆದುಕೊಂಡು ಹೋದರು.

ಅವರಿಗೆ ಕೊಟ್ಟದ್ದು ಹ್ಯಾಮರ್ ಎನ್ನುವ ಜಾತಿಯ ಹವಳ. ಬೆರಳ ತುದಿಗಳು ಪುಟ್ಟ ಸುತ್ತಿಗೆಗಳಂತಿರುತ್ತವೆ, ಬಣ್ಣ ಹಸಿರು. ತಂದಾಗ ಎರಡೇ ತಲೆ, ಅಂದರೆ ಬೆರಳುಗಳ ಎರಡೇ ಗೊಂಚಲು ಇತ್ತು. ಫೋರ್ಸು ಹೊಂದಿಸುವುದಕ್ಕೆ ನಾನು ಅಷ್ಟು ಕಷ್ಟಪಟ್ಟದ್ದು ಬೇರೆಲ್ಲೂ ಇಲ್ಲ. ಗಿರಣಿ ಓಡುವಾಗ ಗೋಡೆ ಅದುರುತ್ತಿತ್ತು, ಅದರ ಜೊತೆ ಪಂಪಿನ ಬಾಯಿ ಮೆಲ್ಲಮೆಲ್ಲಗೆ ಜರುಗುತ್ತಿತ್ತು. ನಾನು ಇಟ್ಟು ಹೋದ ಜಾಗದಲ್ಲಿ ಮುಂದಿನ ವಾರ ಅದು ಇರುತ್ತಿರಲಿಲ್ಲ. ಓಂಕಾರಪ್ಪನವರೇ ಅದಕ್ಕೊಂದು ಉಪಾಯ ಮಾಡಿದರು. ಗಿರಣಿಯ ಹಳೆಯ ಬೆಲ್ಟಿನ ರಬ್ಬರು ಕೊಯ್ದು ತೊಟ್ಟಿಯ ಸ್ಟ್ಯಾಂಡಿನ ಕಾಲುಗಳಿಗೆ ಮೆಟ್ಟು ಹೊಲಿದ ಹಾಗೆ ಹೊಲಿದರು. ಅದುರುವುದು ನಿಂತಿತು. ಕರೆಂಟು ಹೋದರೆ ಇರಲಿ ಎಂದು ಪಂಪಿಗೆಂದೇ ಒಂದು ಇನ್ವರ್ಟರ್ ತಂದರು.

ಆಮೇಲೆ ನಾವಿಬ್ಬರೂ ತೊಟ್ಟಿಯ ಮುಂದೆ ಕೂರುವುದು ಅಭ್ಯಾಸವಾಯಿತು. ಬೀಸುವುದು ಮುಗಿದ ಮೇಲೆ ಅವರು ಕೈಕಾಲು ಮುಖ ತೊಳೆದು, ಹಿಟ್ಟಿನ ಅಂಗಿ ಬದಲಿಸಿ ಬಂದು ಕುರ್ಚಿ ಹಾಕಿಕೊಳ್ಳುತ್ತಿದ್ದರು. ಚಿಟಿಕೆ ಪುಡಿ ಬಿಟ್ಟು ನೋಡುವುದನ್ನು ಕಲಿತರು. ನಾನು ಹೋಗದ ವಾರ ಅವರೇ ನೋಡಿ, ನಾನು ಹೋದಾಗ ಕೈಯಲ್ಲಿ ಅಭಿನಯ ಮಾಡಿ ತೋರಿಸುತ್ತಿದ್ದರು: ಇಲ್ಲಿಗೆ ಬರುತ್ತದೆ, ಇಲ್ಲಿ ಸುತ್ತುತ್ತದೆ, ಇಲ್ಲಿ ಸ್ವಲ್ಪ ಕಮ್ಮಿ. ಅವರ ಕೈ ನೋಡಿದರೆ ಸಾಕು, ಕೂಗಾಟ ಬೇಕಿರಲಿಲ್ಲ. ಒಂದು ಸಲ ಅವರು ಹೇಳಿದ ಮಾತು ನನಗೆ ಹಾಗೇ ನೆನಪಿದೆ. “ತಿಪ್ಪಣ್ಣ, ಇದು ಆಡೋದು ನೋಡ್ತಿದ್ರೆ ಏನೋ ಕೇಳಿಸ್ದಂಗಾಗ್ತೈತೆ ಕಣ್ರಿ ನಂಗೆ.”

ಎರಡು ತಲೆ ನಾಲ್ಕಾಯಿತು, ಎಂಟಾಯಿತು, ವರ್ಷಗಳು ಕಳೆದಂತೆ ಅದು ಒಂದು ದೊಡ್ಡ ಹೂಕೋಸಿನಷ್ಟಾಯಿತು. ಗೌರಮ್ಮನವರು ಒಮ್ಮೆ ನನ್ನನ್ನು ಅಡುಗೆಮನೆಗೆ ಕರೆದು ಚುರುಮುರಿ ಕೊಟ್ಟು ಹೇಳಿದರು: “ಅಣ್ಣ, ಇವ್ರು ಈಗ ನಮ್ ಜೊತೆ ಮಾತಾಡ್ತಾರೆ. ಮೊದ್ಲು ಊಟಕ್ಕೆ ಕರದ್ರೂ ತಲೆ ಎತ್ತುತ್ತಿರ್ಲಿಲ್ಲ. ಅದೊಂದು ಚೆನಾಗಿರ್ಲಪ್ಪ.” ಆ ಹವಳದ ಮೇಲೆ ಆಕೆಯ ಎಷ್ಟು ಆಸೆ ನಿಂತಿದೆ ಎನ್ನುವುದು ನನಗೂ ತಿಳಿಯಿತು. ಅವತ್ತಿನಿಂದ ಆ ಮನೆಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ಕಡೆ ನೋಡುತ್ತಿದ್ದೆ.

ಮಂಡಿ ನೋವು ತಡೆಯಲಾರದೆ ಕೆಲಸ ಬಿಟ್ಟಾಗ ಕೊನೆಗೆ ಹೋದದ್ದು ಅಲ್ಲಿಗೇ. ಟೂಲ್ ಬ್ಯಾಗನ್ನು ಓಂಕಾರಪ್ಪನವರ ಕೈಗೆ ಕೊಟ್ಟೆ. ಪಂಪು ಬಿಚ್ಚುವುದು, ನಿಂಬೆರಸದ ನೀರಿನಲ್ಲಿ ಸುಣ್ಣ ತೊಳೆಯುವುದು, ತಿರುಗಿ ಹಾಕುವುದು, ಎಲ್ಲ ತೋರಿಸಿದೆ. ಪಂಪನ್ನು ಅವರ ಅಂಗೈ ಮೇಲಿಟ್ಟು ಕಿವಿಗೆ ಬಾಯಿಟ್ಟು ಕೂಗಿದೆ: “ಇನ್ಮೇಲೆ ಇದು ನಿಮ್ದು ಯಜಮಾನ್ರೇ.” ಅವರು ಅದನ್ನು ಕಣ್ಣಿಗೊತ್ತಿಕೊಂಡರು. ನಾನು ಹಗುರವಾಗಿ ಬಸ್ಸು ಹತ್ತಿದೆ.

ಆ ವರ್ಷದ ದಸರೆ ಬಂತು. ವಿಜಯದಶಮಿಯ ಬೆಳಿಗ್ಗೆ ಗೌರಮ್ಮನವರ ಫೋನು. “ಅಣ್ಣ, ಅದು ಯಾಕೋ ಮುದುಡ್ಕಂಡೈತೆ. ಮೀನೂ ಮೇಲೆ ತೇಲ್ತಾ ಅವೆ. ವಾಸ್ನೆ ಬರ್ತೈತೆ. ಒಂದೀಟು ಬರ್ತೀರಾ?” ಪಂಪು ಓಡುತ್ತಿದೆಯೇ ಎಂದು ಕೇಳಿದೆ. “ಪೂಜೆಗೆ ಇಟ್ಟೀವಿ” ಎಂದರು. ಹಿಂದಿನ ದಿನ ಆಯುಧ ಪೂಜೆ ಎಂಬುದು ನನಗೆ ಆಗ ಹೊಳೆಯಿತು. “ಈಗ್ಲೇ ನೀರಿಗೆ ಹಾಕ್ರಕ್ಕ, ಈಗ್ಲೇ” ಎಂದು ಕೂಗಿದೆ. “ಅವ್ರನ್ನ ಕೇಳ್ತೀನಿ” ಎಂದು ಆಕೆ ಫೋನಿಟ್ಟರು. ತಿರುಗಿ ಮಾಡಿದರೆ ಎತ್ತಲಿಲ್ಲ.

ಹಬ್ಬದ ದಿನ ಬಸ್ಸು ತುಂಬಿ ತುಳುಕುತ್ತಿತ್ತು. ಹೊಳಲ್ಕೆರೆ ದಾಟುವವರೆಗೂ ನಿಂತೇ ಹೋದೆ. ಓಂಕಾರಪ್ಪನವರ ಗಿರಣಿ ನಿಂತಿತ್ತು. ಆ ಮನೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಎಂದೂ ಕಂಡಿರಲಿಲ್ಲ. ಬಾಗಿಲಿಗೆ ಬಾಳೆಕಂದು, ಬೈಕುಗಳಿಗೆ ಸೇವಂತಿಗೆ ಹಾರ, ಒಡೆದ ಬೂದುಗುಂಬಳ. ತೊಟ್ಟಿಯ ಗಾಜಿಗೂ ಮೂರು ಬೆರಳ ವಿಭೂತಿ ಎಳೆದು ಹಾರ ಹಾಕಿದ್ದರು. ಒಳಗೆ ನೀರು ಹಾಲು ಒಡೆದಂತೆ ಮಂಕಾಗಿ ನಿಂತಿತ್ತು.

ದೇವರ ಕೋಣೆಯಲ್ಲಿ ಬಾಳೆ ಎಲೆ ಹಾಸಿ ಅದರ ಮೇಲೆ ತಕ್ಕಡಿ, ತೂಕದ ಕಲ್ಲು, ಸ್ಪ್ಯಾನರು, ಕುಡುಗೋಲು, ಗಿರಣಿಯ ಬೆಲ್ಟು, ಇವುಗಳ ನಡುವೆ, ದೇವರಿಗೆ ಎಲ್ಲಕ್ಕಿಂತ ಹತ್ತಿರದಲ್ಲಿ ಪಂಪು ಇತ್ತು. ನಿಂಬೆರಸದಲ್ಲಿ ತೊಳೆದು ಫಳಫಳ ಹೊಳೆಯುತ್ತಿತ್ತು. ಅರಿಶಿನ, ಕುಂಕುಮ, ತಲೆಯ ಮೇಲೊಂದು ಚೆಂಡುಹೂವು. ಹಿಂದಿನ ದಿನ ಬೆಳಿಗ್ಗೆ ನೀರಿನಿಂದ ತೆಗೆದದ್ದು. ಆ ಮನೆಯ ಪದ್ಧತಿ ಹಾಗೆ. ಆಯುಧ ಪೂಜೆಗೆ ಇಟ್ಟ ಯಾವ ವಸ್ತುವೂ ಮರುದಿನ ಸಂಜೆ ಬನ್ನಿ ಮುಡಿಯುವವರೆಗೆ ಕದಲಬಾರದು, ಯಾವ ಚಕ್ರವೂ ತಿರುಗಬಾರದು.

ಓಂಕಾರಪ್ಪನವರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ನಾನು ಏನೂ ಕೇಳುವ ಮೊದಲೇ ಅವರು ಹೇಳತೊಡಗಿದರು. “ಇಷ್ಟು ವರ್ಸ ಅದು ನಿಮ್ ಆಯುಧ, ನಾವು ಮುಟ್ಟಿರ್ಲಿಲ್ಲ. ಈ ವರ್ಸ ನಂಗೆ ಕೊಟ್ರಲ್ಲ. ಮೊದ್ಲ ಪೂಜೆ ಅದಕ್ಕೇ ಮಾಡ್ದೆ. ಹಗಲೂ ರಾತ್ರಿ ದುಡಿತೈತೆ ಪಾಪ, ಒಂದಿನ ಬಿಡುವು ಕೊಟ್ರೆ ಮಿಷನ್ನು ಹತ್ತು ವರ್ಸ ಹೆಚ್ಗೆ ಬರ್ತೈತೆ.”

ನಲವತ್ತು ವರ್ಷ ಮಿಷನ್ನು ನೋಡಿಕೊಂಡ ಮನುಷ್ಯನ ಮಾತು ಅದು. ಅದರಲ್ಲಿ ಯಾವ ತಪ್ಪು ಹುಡುಕಲಿ? ಕೆಲಸದಲ್ಲಿದ್ದಾಗ ನಾನೂ ಪ್ರತಿ ವರ್ಷ ನನ್ನ ಸ್ಕ್ರೂಡ್ರೈವರಿಗೆ ಕುಂಕುಮ ಹಚ್ಚಿ ಅವತ್ತು ಅದನ್ನು ಮುಟ್ಟುತ್ತಿರಲಿಲ್ಲ. ನಾನು ತೊಟ್ಟಿಯ ಕಡೆ ಕೈ ತೋರಿಸಿ, ಪಂಪಿನ ಕಡೆ ಕೈ ತೋರಿಸಿದೆ. ಗೌರಮ್ಮನವರು ಹಿಂದಿನಿಂದ ಮೆಲ್ಲಗೆ “ಇನ್ನೂ ಬನ್ನಿ ಮುಡಿದಿಲ್ಲ” ಎಂದರು. ಓಂಕಾರಪ್ಪನವರ ತಮ್ಮ “ಸಂಜೆ ತಂಕ ತಡಿಯಾಕಾಗಲ್ವಾ?” ಎಂದು ಕೇಳಿದ. ಓಂಕಾರಪ್ಪನವರಿಗೆ ಅದೇನೂ ಕೇಳಿಸಲಿಲ್ಲ. ಅವರು ನನ್ನ ಮುಖ ನೋಡಿದರು, ತೊಟ್ಟಿ ನೋಡಿದರು, ದೇವರ ಕೋಣೆಗೆ ಹೋದರು. ಅವರಪ್ಪ, ಅವರಜ್ಜ ಯಾರೂ ಮುರಿಯದ ಪದ್ಧತಿಯನ್ನು 'ಶಿವಾ' ಎಂದು ಮುರಿದು ಪಂಪನ್ನು ಎತ್ತಿಕೊಂಡು ಬಂದರು. ಹೂವು ತೆಗೆದು ನನ್ನ ಕೈಗೆ ಕೊಟ್ಟು ಪಂಪನ್ನು ನೀರಿಗಿಳಿಸಿದರು. ಪಂಪಿನ ಬಾಯಿಯನ್ನು ನಾನು ಕಲಿಸಿದ ಹಾಗೆಯೇ, ಹವಳದ ಪಕ್ಕದ ಕಲ್ಲಿಗೆ ತಾಗಿ ಚದುರಿ ಬರುವಂತೆ ಹೊಂದಿಸಿ ಸ್ವಿಚ್ಚು ಹಾಕಿದರು.

ಕುಂಕುಮ ನೀರಿನಲ್ಲಿ ಕರಗಿ ಹರಡಿತು. ಹವಳದ ಬಳಿ ನೀರು ಬಂತು. ನಾನು ಬಗ್ಗಿ ನೋಡುವ ಅವಶ್ಯಕತೆಯೇ ಇರಲಿಲ್ಲ. ತಲೆಗಳೆಲ್ಲ ಕಂದು ಲೋಳೆಯಾಗಿದ್ದವು, ಕೆಳಗೆ ಎಲುಬು ಕಾಣುತ್ತಿತ್ತು. ನೀರು ತಾಗಿದ್ದೇ ಕೊಳೆತ ಮಾಂಸ ಎಲುಬಿನಿಂದ ಬಿಡಿಸಿಕೊಂಡು ಎಳೆಎಳೆಯಾಗಿ ಮೇಲೆದ್ದು ತೂಗಾಡಿತು. ಒಮ್ಮೆ ಬಾಗಿತು, ಒಮ್ಮೆ ಎದ್ದಿತು. ಫೋರ್ಸು ತುಂಬಾ ಸರಿಯಾಗಿತ್ತು.

“ಗೌರೀ! ಬಾರೇ ಇಲ್ಲಿ!” ಓಂಕಾರಪ್ಪನವರು ಕೂಗಿದರು. “ಎದ್ಬಿಡ್ತು ನೋಡು! ಆಡ್ತಾ ಐತೆ! ಬಿಡುವು ಸಿಕ್ಕಿದ್ಕೆ ಇನ್ನೂ ಜೋರಾಗಿ ಆಡ್ತಾ ಐತೆ!”

ಮನೆಯವರೆಲ್ಲ ಬಂದು ನಿಂತರು. “ಅದು ಹೋಗೈತೆ ಯಜಮಾನ್ರೇ” ಎಂದೆ. ಮೆಲ್ಲಗೇ ಹೇಳಿದೆ, ಅವರಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ. ಗೌರಮ್ಮನವರಿಗೆ ಕೇಳಿಸಿತು, ಸೆರಗು ಬಾಯಿಗೆ ಹೋಯಿತು. ತಮ್ಮನಿಗೆ ಕೇಳಿಸಿತು, ಅವನು ಬಾಗಿಲ ಕಡೆ ತಿರುಗಿದ. ಓಂಕಾರಪ್ಪನವರು ಮಾತ್ರ ನಗುತ್ತಲೇ ನನ್ನ ಕಡೆ ಕಿವಿ ಮಾಡಿದರು.

“ಏನಂದ್ರಿ?”

ಸುಮ್ಮನಿರಬಹುದಿತ್ತು. ಬಸ್ಸು ಹತ್ತಿ ಬರಬಹುದಿತ್ತು. ಅವರೇ ನಾಳೆ ನೋಡಿ ತಿಳಿದುಕೊಳ್ಳುತ್ತಿದ್ದರು. ಆದರೆ ಎಷ್ಟೋ ವರ್ಷ ಪಕ್ಕದಲ್ಲಿ ಕೂತು ನೋಡುವುದನ್ನು ಕಲಿಸಿದವನು ನಾನು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ.

“ಸತ್ತೋಗೈತ್ರಿ!”

“ಹಾಂ?”

“ಹವಳ ಸತ್ತೋಗೈತೆ ಯಜಮಾನ್ರೇ! ಅದು ಆಡ್ತಿಲ್ಲ, ನೀರು ಆಡಸ್ತೈತೆ!”

ನನ್ನ ದನಿ ನನಗೇ ಅಸಹ್ಯವಾಯಿತು. ಗಿರಣಿ ನಿಂತಿದ್ದರಿಂದ ರಸ್ತೆಯವರೆಗೂ ಕೇಳಿರಬೇಕು, ಎದುರು ಮನೆಯ ಹೆಂಗಸೊಬ್ಬಳು ಬಾಗಿಲಲ್ಲಿ ಬಂದು ನಿಂತು ನೋಡಿದಳು. ಓಂಕಾರಪ್ಪನವರ ನಗು ತಕ್ಷಣ ಹೋಗಲಿಲ್ಲ. ತೊಟ್ಟಿಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು. ಒಂದು ಎಳೆ ಕಿತ್ತುಕೊಂಡು ಬಂದು ಗಾಜಿಗೆ ಅಂಟಿ, ಜಾರಿ ಕೆಳಗೆ ಹೋಯಿತು.

ಅವರು ಕೈಚಾಚಿ ಸ್ವಿಚ್ಚು ಆರಿಸಿದರು. ತೂಗಾಟ ನಿಂತಿತು. ಪಂಪನ್ನು ಬಿಚ್ಚಿ ತೆಗೆದು, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಎರಡೂ ಕೈಯಲ್ಲಿ ಹಿಡಿದುಕೊಂಡು ದೇವರ ಕೋಣೆಗೆ ಹೋದರು. ಬಾಳೆ ಎಲೆಯ ಮೇಲೆ, ತಕ್ಕಡಿಗೂ ಬೆಲ್ಟಿಗೂ ನಡುವೆ, ಅದು ಮೊದಲಿದ್ದ ಜಾಗದಲ್ಲೇ ಇಟ್ಟರು. ಆಮೇಲೆ ನನ್ನ ಕೈಯಲ್ಲಿದ್ದ ಹೂವನ್ನು ವಾಪಸು ಕೇಳಿದರು.